ಒಂದೇ ಒಲೆಯ ಮನೆ

ರವಿವಾರ ಮಧ್ಯಾಹ್ನ ಮುದಕಪ್ಪನ ಮನೆಯಲ್ಲಿ ಊಟ ಮುಗಿಯಿತೆಂದು ಯಾರೂ ಎದ್ದು ಹೋಗುವಂತಿರಲಿಲ್ಲ. ಕೈ ತೊಳೆದುಕೊಂಡು ಬಂದು ಮತ್ತೆ ಅದೇ ಜಾಗದಲ್ಲಿ ಕೂರಬೇಕು. ಯಾಕೆಂದರೆ ಸಭೆ. ‘ಮನ್ಯಾಗ ಎಂಥಾ ಸಭಾನಪಾ’ ಎಂದು ಬೆಟಗೇರಿಯ ಆ ಓಣಿಯ ಮಂದಿ ನಗುತ್ತಿದ್ದರು. ನಗಲಿ. ಮುದಕಪ್ಪ ಹರೆಯದಿಂದ ನೇಕಾರರ ಸಂಘದ ಕೆಂಪು ಬಾವುಟ ಹಿಡಿದವನು. ಮಗ್ಗಗಳು ಒಂದೊಂದಾಗಿ ನಿಂತು ಸಂಘದ ಕೋಣೆಗೆ ಬೀಗ ಬಿದ್ದಾಗ, ಬಾವುಟವನ್ನು ಮಡಚಿ ಟ್ರಂಕಿನಲ್ಲಿಟ್ಟು ಸಂಘವನ್ನು ಮನೆಯೊಳಗೆ ತಂದುಕೊಂಡಿದ್ದ.

ಮನೆಯ ಕಾನೂನು ಸರಳ. ಒಂದು ಒಲೆ, ಒಂದು ಪೆಟ್ಟಿಗೆ. ದುಡಿದದ್ದೆಲ್ಲ ಪೆಟ್ಟಿಗೆಗೆ, ಬೇಕಾದದ್ದೆಲ್ಲ ಪೆಟ್ಟಿಗೆಯಿಂದ. ಮಗ ವೀರೇಶ ಗದಗಿನ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗುತ್ತಿದ್ದ. ಸತ್ತ ತಮ್ಮನ ಮಗ ದ್ಯಾಮಪ್ಪ ಗೂಡ್ಸ್ ಗಾಡಿ ಓಡಿಸುತ್ತಿದ್ದ. ವೀರೇಶನ ಹೆಂಡತಿ ಶೈಲಾ, ದ್ಯಾಮಪ್ಪನ ಹೆಂಡತಿ ಮಾಳವ್ವ ಇಬ್ಬರೂ ಹಿಂದಿನ ಪಡಸಾಲೆಯಲ್ಲಿ, ಮೊದಲು ಮಗ್ಗವಿದ್ದ ಜಾಗದಲ್ಲೇ ಕೂತು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತಿದ್ದರು. ಊಟಕ್ಕೆ ಕೂತರೆ ಎಲ್ಲರ ತಾಟಿಗೂ ಸಮ ರೊಟ್ಟಿ. ಮುದಕಪ್ಪನ ತಾಟಿಗೂ ಅಷ್ಟೇ. ಒಂದು ಚೂರು ಹೆಚ್ಚಿಗೆ ತಿಂದವನಲ್ಲ ಆ ಮನುಷ್ಯ, ಹಾಗೆ ತಿಂದನೆಂದು ಅವನ ವೈರಿ ಕೂಡ ಹೇಳಲಾರ.

ಬಡಿಸುವವಳು ನೀಲಗಂಗವ್ವ. ಆಕೆ ಮುದಕಪ್ಪನ ತಮ್ಮನ ಹೆಂಡತಿ, ದ್ಯಾಮಪ್ಪನ ತಾಯಿ. ಗಂಡ ಸತ್ತಾಗ ತವರಿನ ಅಣ್ಣಂದಿರು ಆಕೆಯನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದ್ದರು. ಕಂಕುಳಲ್ಲಿ ಕೂಸು ಎತ್ತಿಕೊಂಡು ತಿರುಗಿ ಬಂದವಳಿಗೆ ಮುದಕಪ್ಪ, “ನೀಲವ್ವಾ, ಈ ಮನ್ಯಾಗ ನಂದು ನಿಂದು ಅನ್ನೂದ ಇಲ್ಲ. ನನ್ನ ತಾಟಿಗೆ ಎಷ್ಟ ಬೀಳತೈತಿ, ನಿನ್ನ ತಾಟಿಗೂ ಅಷ್ಟ ಬೀಳತೈತಿ. ಯಾರ ಮುಂದೂ ತಲಿ ತಗ್ಗಿಸಬ್ಯಾಡ” ಎಂದಿದ್ದ. ಅವತ್ತು ಉಂಡ ರೊಟ್ಟಿಯ ರುಚಿ ಆಕೆಯ ನಾಲಿಗೆಯ ಮೇಲೆ ಇನ್ನೂ ಇತ್ತು. ಅಂಥವನ ಮಾತಿಗೆ ಇಲ್ಲ ಅನ್ನುವುದೆಂದರೆ ಆಕೆಗೆ ಉಂಡ ತಾಟಿಗೆ ಒದ್ದ ಹಾಗೆ.

ಉಳಿದ ಕಾನೂನುಗಳೇನು ಒಮ್ಮೆಲೇ ಬಂದವಲ್ಲ. ಒಂದೊಂದಕ್ಕೂ ಒಂದೊಂದು ಕಾರಣವಿತ್ತು. ದ್ಯಾಮಪ್ಪ ಒಮ್ಮೆ ಬಾಡಿಗೆಯ ದುಡ್ಡಿನಲ್ಲಿ ಸ್ಟೇಶನ್ ಹತ್ತಿರ ಮಿರ್ಚಿ ತಿಂದು ಬಂದ. ಬಾಯಿಯ ವಾಸನೆಯೇ ಚಾಡಿ ಹೇಳಿತು. “ಮನಿ ಮಂದಿ ಬ್ಯಾಳಿ ನೀರ ಉಣ್ಣಾಗ ನೀ ಒಬ್ಬಾವ ಮಿರ್ಚಿ ಹೆಂಗ ತಿಂದ್ಯೋ ಮಗನ?” ಎಂದು ಮುದಕಪ್ಪ ಕೇಳಿದ. ಅಂದಿನಿಂದ ಗಂಡಸರು ಹೊರಗಿನಿಂದ ಬಂದರೆ ಕಾಲು ತೊಳೆಯುವ ಮೊದಲೇ ಜೇಬು ಖಾಲಿ ಮಾಡಬೇಕಾಯಿತು. ಮಾಳವ್ವ, “ಎಷ್ಟ ಬಡದ್ರೂ ತಾಟಿಗೆ ಬೀಳೂವು ಅಷ್ಟ, ನಾ ಯಾಕ ಸಾಯ್ಲಿ” ಎಂದು ಕೈ ಸಡಿಲು ಬಿಟ್ಟಳು. ಆಕೆಯ ಪಾಲು ಶೈಲಾಳ ಮೇಲೆ ಬಿತ್ತು. ಹಾಗಾಗಿ ಯಾರಾದರೂ ಕಣ್ಣಿಡಬೇಕಾಯಿತು, ನೀಲಗಂಗವ್ವ ಕಣ್ಣಿಟ್ಟಳು. ಕಂಡದ್ದನ್ನು ಭಾವನಿಗೆ ಹೇಳಿದಳು. ಆಮೇಲೆ ಸೊಸೆಯಂದಿರು ಆಕೆ ಬಂದ ಕೂಡಲೇ ಮಾತು ನಿಲ್ಲಿಸತೊಡಗಿದರು. ಮಾತು ನಿಂತದ್ದು ಕಂಡು ಮುದಕಪ್ಪನಿಗೆ ಸಂಶಯ ಹೆಚ್ಚಾಯಿತು. ಕಡೆಗೆ ನೀಲಗಂಗವ್ವನ ಸೊಂಟಕ್ಕೆ ಕೀಲಿಕೈ ಗೊಂಚಲು ಬಂತು.

ಆ ರವಿವಾರದ ಸಭೆಯಲ್ಲಿ ಮಾತು ಸುಮ್ಮನೆ ಶುರುವಾಯಿತು. ಶೈಲಾಳ ಮಗಳು ವಾಣಿಶ್ರೀ ಗದಗಿನಲ್ಲಿ ಬಿ.ಎ. ಓದುತ್ತಿದ್ದಳು. ಹುಡುಗಿಗೆ ಬಾಯಿ ಸ್ವಲ್ಪ ಜಾಸ್ತಿಯೇ.

“ಅಜ್ಜಾ, ಒಂದ ಮಾತ ಕೇಳ್ಲ್ಯಾ?”

“ಕೇಳು.”

“ಎಲ್ಲಾರೂ ಸಮ ಅಂತ ಹೊಂಟ ದೇಶದಾಗೆಲ್ಲಾ ಆಖೈರಿಗೆ ಒಬ್ಬಾವಂದ ದರ್ಬಾರ ಯಾಕ ಆತು? ನಮ್ಮ ಮೇಡಂ ಬರ್ಕೊಂಡ ಬರ್ರಿ ಅಂದಾರ.”

ಮುದಕಪ್ಪನಿಗೆ ಖುಷಿಯೇ ಆಯಿತು. ಇಂಥ ಪ್ರಶ್ನೆ ಕೇಳುವವರು ಸಿಕ್ಕು ಎಷ್ಟೋ ವರ್ಷವಾಗಿತ್ತು. “ಸುತ್ತೂ ಕಡೆ ವೈರಿಗಳಿದ್ರವ್ವಾ. ಹೊರಗ ವೈರಿ ಇದ್ದಾಗ ಒಳಗ ಶಿಸ್ತ ಬೇಕಾಗತೈತಿ. ಶಿಸ್ತ ಸಡ್ಲಾತು ಅಂದ್ರ ಮತ್ತ ಸಾವುಕಾರ ಬಂದು ಬಡವರ ಹೊಟ್ಟಿ ಮ್ಯಾಲ ಕಾಲ ಇಡ್ತಾನ.”

“ಎಲ್ಲೀ ಮಟ ಆ ಶಿಸ್ತ?”

“ಮಂದಿ ತಯಾರ ಆಗೂ ಮಟ.”

“ತಯಾರ ಆದ್ರು ಅಂತ ಯಾರು ಹೇಳ್ಬೇಕು?”

“ಮುಂದ ನಿಂತಾವ ಹೇಳ್ತಾನ.”

“ಅಂದ್ರ ನಮ್ಮ ಮನ್ಯಾಗ ನೀವು.” ವಾಣಿಶ್ರೀ ನಕ್ಕಳು. “ಅಜ್ಜಾ, ಎಲ್ಲಾರ ರೊಟ್ಟಿನೂ ಒಬ್ಬಾವನ ಕೈಯಾಗ ಇದ್ರ, ಅವಂಗ ಇಲ್ಲ ಅನ್ನಾಕ ಯಾರಿಗೆ ಧೈರ್ಯ ಬರತೈತಿ? ನೀವು ಹೆಚ್ಚಿಗಿ ರೊಟ್ಟಿ ತಿನ್ನೂದಿಲ್ಲ ಖರೆ. ಎಲ್ಲಾರ ಮಾತನೂ ನೀವ ತಿಂದ್ರೆಲ್ಲ!”

ಶೈಲಾ ಮಗಳ ತೊಡೆ ಚಿವುಟಿದಳು. ವೀರೇಶ ನೆಲ ನೋಡಿದ. ಅವನು ಹುಟ್ಟಿದಾಗಿನಿಂದ ಅಪ್ಪನೆದುರು ನೆಲ ನೋಡಿಯೇ ದೊಡ್ಡವನಾದವನು.

“ಈ ಮಾತ ಕಾಲೇಜಿನಿಂದ ಬಂದದ್ದಲ್ಲ,” ಎಂದ ಮುದಕಪ್ಪ ನಿಧಾನಕ್ಕೆ. “ಮೊಬೈಲಿನ್ಯಾಗಿಂದ ಬಂದದ್ದು. ದಿನಾ ಹನ್ನೆರಡ ತಾಸ ಅದನ್ನ ತಿಕ್ಕಿದ್ರ ಇದ ಬರತೈತಿ. ದ್ಯಾಮಪ್ಪಗ ಬಾಡಿಗಿ ಬರೂ ಫೋನ್ ಒಂದ ಬಿಟ್ಟು ಎಲ್ಲಾ ಫೋನ್ ಟ್ರಂಕಿನ್ಯಾಗ ಬೀಳಲಿ. ಮನಿಗೊಂದ ಬಟನ್ ಫೋನ್ ಐತಿ, ಸಾಕು. ಅದು ನೀಲವ್ವನ ಹಂತೇಕ ಇರಲಿ. ಹೌದು ಅನ್ನೋರು ಕೈ ಎತ್ತ್ರಿ.”

ದ್ಯಾಮಪ್ಪನ ಕೈ ಮೇಲೆ ಹೋಯಿತು. ಮಾಳವ್ವನದು, ವೀರೇಶನದು, ಶೈಲಾಳದು. ನೀಲಗಂಗವ್ವನ ಕೈಯಂತೂ ಎಂದೂ ತಡ ಮಾಡಿದ್ದಿಲ್ಲ. ವಾಣಿಶ್ರೀ ಕೈ ಕಟ್ಟಿಕೊಂಡೇ ಕೂತಿದ್ದಳು.

“ಮತ್ತ ಈಕಿ ಪರೀಕ್ಷಾ ಫೀಸಿನ ಮಾತು,” ಎಂದ ಮುದಕಪ್ಪ ಏಳುತ್ತಾ, “ಮುಂದ ನೋಡೂಣು. ಮೊದಲ ಬಾಯಿ ಹಿಡಿತದಾಗ ಬರಲಿ.”

ವಾಣಿಶ್ರೀಯ ಕಣ್ಣು ತುಂಬಿ ಬಂದವು. ಆಮೇಲೆ ಆಕೆಯೂ ಕೈ ಎತ್ತಿದಳು. ಆದರೆ ಅಷ್ಟೊತ್ತಿಗೆ ಅಜ್ಜ ಹೊರಗೆ ಹೋಗಿದ್ದ.

ಮುಂದಿನ ವಾರ ಪಕ್ಕದ ಮನೆಯ ಅಲ್ಲಾಉದ್ದೀನ ಬಂದ. ಮುದಕಪ್ಪನ ಜೊತೆ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಬೆಳೆದವನು, ಸಂಘದಲ್ಲಿ ಜೊತೆಗೇ ಲಾಠಿ ಏಟು ತಿಂದವನು. ಮುದಕಪ್ಪನಿಗೆ ಏಕವಚನದಲ್ಲಿ ಬೈಯುವ ಹಕ್ಕು ಆ ಓಣಿಯಲ್ಲಿ ಅವನಿಗೊಬ್ಬನಿಗೇ ಉಳಿದಿತ್ತು. ನೀಲಗಂಗವ್ವ ಚಹಾ ತಂದಿಟ್ಟಳು.

“ಏನಲೇ ಮುದಕಪ್ಪಾ, ಮೊಮ್ಮಗಳ ಫೋನ್ ಕಸಗೊಂಡೀಯಂತ?”

“ಕಸಗೊಂಡಿಲ್ಲ. ಸಭಾದಾಗ ಠರಾವ್ ಆತು. ಎಲ್ಲಾರೂ ಕೈ ಎತ್ಯಾರ.”

“ಎತ್ತಲಾರದ ಏನ ಮಾಡ್ತಾರ? ಸಂಜೀಕ ಉಣ್ಣಾಕ ನಿನ್ನ ಮನಿಗೇ ಬರಬೇಕಲ್ಲ!” ಅಲ್ಲಾಉದ್ದೀನ ಚಹಾವನ್ನು ಸಾಸರಿಗೆ ಸುರುವಿಕೊಂಡು ಸೊರ್ರನೆ ಕುಡಿದ. “ನಮ್ಮ ಸಂಘ ಯಾಕ ಸತ್ತತಿ ಗೊತ್ತೈತೇನು? ಮಾಲಕರು ಮುರೀಲಿಲ್ಲೋ ಅದನ್ನ. ಎಲ್ಲಾರೂ ನಿನ್ನ ಮುಂದ ಕೈ ಎತ್ತತಿದ್ರು, ಮನಿಗೆ ಹೋಗಿ ನಿನ್ನ ಬೈತಿದ್ರು. ನೀ ಕೈ ಎಣಸಿದಿ. ಮಾರಿ ನೋಡ್ಲಿಲ್ಲ.”

“ನಾ ಏನ ನನ್ನ ಸಲವಾಗಿ ಮಾಡೇನೇನು?”

“ಅದ ನೋಡು ತಂಟೆ. ನಿನ್ನ ಸಲವಾಗಿ ಮಾಡಿದ್ದರ ಕಳ್ಳ ಅಂತ ಕೊಳ್ಳಪಟ್ಟಿ ಹಿಡಿತಿದ್ವಿ. ಎಲ್ಲಾರ ಸಲವಾಗಿ ಅಂತೀಯಲ್ಲ, ನಿನ್ನ ಹಿಡಿಯೂದ ಹೆಂಗ?”

ಮುದಕಪ್ಪನ ಮೋರೆ ಕಪ್ಪಿಟ್ಟಿತು. ಗೆಳೆಯ ಎದ್ದು ಹೋದ ಮೇಲೆ, “ನೀಲವ್ವಾ, ಆ ಮನಿಗೆ ಹೋಗೂದು ಬರೂದು ಬಂದ್ ಮಾಡ್ರಿ ಎಲ್ಲಾರೂ. ಹೊರಗಿನ ಮಾತು ಬಂದು ಮನಿ ಒಡಿತಾವ” ಎಂದ. ಆಕೆ ಹೂನ್ರಿ ಎಂದಳು. ಅಲ್ಲಾಉದ್ದೀನನ ಹೆಂಡತಿ ಗುಲಾಬಬಿ ಗೋಡೆಯಾಚೆಯಿಂದ “ನೀಲಗಂಗಕ್ಕಾ, ಒಂದೀಟ ಹುಣಸಿಹಣ್ಣ ಐತೇನು?” ಎಂದು ಕೂಗಿದರೂ ಕೇಳಿಸದವಳಂತೆ ಇರುವುದನ್ನು ಕಲಿತಳು. ಅಯ್ಯೋ, ಎಂಥ ಕಲಿಕೆ ಅದು! ಮೊದಲ ದಿನ ಎದೆ ಚುರುಕ್ ಎಂದಿತು. ಮೂರನೆಯ ದಿನಕ್ಕೆ ಖರೇನೇ ಕೇಳಿಸದಾಯಿತು.

ಅದಾಗಿ ಸ್ವಲ್ಪ ದಿನಕ್ಕೆ ಮುಂಡರಗಿಯ ದೊಡ್ಡ ಮದುವೆಯೊಂದರ ರೊಟ್ಟಿಯ ಆರ್ಡರ್ ಬಂತು. ಖಾನಾವಳಿಗಳಲ್ಲಿ ಯಂತ್ರದ ರೊಟ್ಟಿ ಶುರುವಾಗಿ ಇವರ ಗಿರಾಕಿಗಳು ಕಡಿಮೆಯಾಗಿದ್ದ ಹೊತ್ತು. ಇದು ಸರಿಯಾಗಿ ಹೋದರೆ ಇಡೀ ಸುಗ್ಗಿಯ ಮದುವೆಗಳು ಸಿಗುತ್ತವೆ ಎಂಬ ಆಸೆ. ಮನೆಗೆ ಮನೆಯೇ ಎದ್ದು ನಿಂತಿತು. ದ್ಯಾಮಪ್ಪ ಬಿಳಿಜೋಳ ಬೀಸಿಸಿ ತಂದ, ವಾಣಿಶ್ರೀ ಕಾಲೇಜು ಬಿಟ್ಟು ಹಿಟ್ಟು ಸಾಣಿಸಿದಳು, ಮಾಳವ್ವ ಬೇಯಿಸಿದಳು. ಬಡಿಯುವವಳು ಶೈಲಾ. ಆಕೆಯ ಕೈಯೇ ಕೈ. ಅಂಗೈಯ ಪಟಪಟ ಸಪ್ಪಳ ಬೆಳಗಿನಿಂದ ಸಂಜೆಯ ತನಕ ಓಣಿಗೆಲ್ಲ ಕೇಳುತ್ತಿತ್ತು. ಹಾಳೆಯಂಥ ತೆಳ್ಳನೆಯ ರೊಟ್ಟಿಗಳನ್ನು ನೀಲಗಂಗವ್ವ ಒಲೆಯ ಅಂಚಿಗೆ ಆನಿಸಿ, ಒಣಗಿಸಿ ಕಟಕ್ ಮಾಡಿ ಬುಟ್ಟಿಗೆ ಜೋಡಿಸುತ್ತಿದ್ದಳು.

ಶೈಲಾಳ ಕೈ ಮಾತ್ರ ಹಿಟ್ಟಿನಲ್ಲಿತ್ತು, ಜೀವ ಬೆಳ್ಳಟ್ಟಿಯಲ್ಲಿತ್ತು. ಶಿರಹಟ್ಟಿ ಹತ್ತಿರದ ಆ ಊರಲ್ಲಿ ಆಕೆಯ ತಾಯಿ ಹನಮವ್ವ ಹಾಸಿಗೆ ಹಿಡಿದಿದ್ದಳು. ಮೊದಲಾದರೆ ಶೈಲಾ ದಿನಾ ಫೋನು ಮಾಡಿ ಅವ್ವನ ದನಿ ಕೇಳುತ್ತಿದ್ದಳು. ಈಗ ನೀಲಗಂಗವ್ವನನ್ನು ಕೇಳಬೇಕು.

“ಸಣ್ಣತ್ತಿ, ಊರಿಂದ ಫೋನ್ ಬಂದಿತ್ತೇನ್ರಿ?”

“ಇಲ್ಲವಾ.”

“ಬಂದ್ರ ನನ್ನ ಕರೀರಿ ಹಾಂ? ಹಿಟ್ಟಿನ ಕೈ ಇದ್ರೂ ಕರೀರಿ.”

“ಕರೀತೀನಿ ತಗೋ.”

ಫೋನು ಬಂದದ್ದು ರೊಟ್ಟಿ ಸಾಗಿಸಲು ಎರಡು ದಿನವಿದ್ದಾಗ. ಶೈಲಾಳ ತಮ್ಮ ಫಕ್ಕೀರೇಶ ಮಾತಾಡಿದ. “ಸಣ್ಣತ್ತಿಯಾರ, ಅವ್ವ ಗುಟುಕ ನೀರ ಸೈತ ನುಂಗವಲ್ಲಳ್ರಿ. ಶೈಲಾ ಶೈಲಾ ಅಂತ ಒಂದ ಸವನ ಕನವರಸಾಕ ಹತ್ಯಾಳ. ಡಾಕ್ಟರ್ ಕೈ ಚೆಲ್ಯಾರ. ಅಕ್ಕನ್ನ ಈಗಿಂದೀಗ ಕಳಸ್ರಿ, ನಿಮ್ಮ ಕಾಲಿಗೆ ಬೀಳ್ತೀನಿ.”

ನೀಲಗಂಗವ್ವ ಪಡಸಾಲೆಯ ಕಡೆ ನೋಡಿದಳು. ನಾಲ್ಕು ಹೆಜ್ಜೆ ಹೋಗಿ ಶೈಲಾ ಎಂದರೆ ಸಾಕಿತ್ತು. ಆದರೆ ಕಾಲು ಹಳೆಯ ರೂಢಿಯಂತೆ ಹೊರಗಿನ ಕಟ್ಟೆಯ ಕಡೆ ನಡೆದವು. ಮುದಕಪ್ಪ ಕೇಳಿಸಿಕೊಂಡು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ.

“ಈಗ ಹೇಳಿದ್ರ ಆಕಿ ಕೈ ನಿಂತ ಬಿಡ್ತಾವ, ನೀಲವ್ವಾ. ಮಾಳವ್ವನ ಕೈಲೆ ಈ ಆರ್ಡರ್ ಆಗೂದಲ್ಲ. ಈ ಗಿರಾಕಿ ಹೋದ್ರ ವರ್ಷಗಟ್ಟಲೆ ಎಲ್ಲಾರ ಹೊಟ್ಟಿಗೂ ಏಟು. ನಾಡದು ರೊಟ್ಟಿ ಗಾಡಿ ಏರಲಿ, ನಾನ ಬಸ್ಸಿಗೆ ಹತ್ತಸ್ತೀನಿ ಆಕೀನ. ಮುದುಕರ ಜೀವ ಅಷ್ಟ ಜಲ್ದಿ ಹೋಗೂದಿಲ್ಲ.”

“ಸಭಾದಾಗರೆ ಒಂದ ಮಾತ...”

“ಸಭಾದಾಗ ಇಟ್ರ ಆಕಿಗೆ ಗೊತ್ತಾಗೂದಿಲ್ಲೇನು?” ಮುದಕಪ್ಪನ ದನಿ ಮೆತ್ತಗಾಯಿತು. “ನಿನ್ನ ಬಿಟ್ರ ನನಗ ಯಾರ ಮ್ಯಾಲೂ ನಂಬಿಗಿ ಇಲ್ಲ ನೋಡು.”

ಆ ಒಂದು ಮಾತಿಗೆ ನೀಲಗಂಗವ್ವ ಕಟ್ಟಿಬಿದ್ದಳು. ಒಳಗೆ ಹೋದಾಗ ಶೈಲಾ ತಲೆಯೆತ್ತಿ ನೋಡಿದಳು. “ಫೋನ್ ಸಪ್ಪಳ ಆದಂಗಾತೆಲ್ಲರಿ ಸಣ್ಣತ್ತಿ?”

“ಜ್ವಾಳದ ಅಂಗಡಿಯವರದವಾ. ನಿಮ್ಮವ್ವ ಆರಾಮ ಅದಾಳ, ನೀ ಕೈ ನಡಸು.”

ಫೋನು ಮತ್ತೊಮ್ಮೆ ಬಡಿದುಕೊಂಡರೆ? ಗೋಡೆಯ ಮಾಡದಲ್ಲಿಟ್ಟಿದ್ದ ಫೋನು ತೆಗೆದು ಅದರ ಕೆಂಪು ಗುಂಡಿಯನ್ನು ಪರದೆ ಆರುವ ತನಕ ಒತ್ತಿ ಹಿಡಿದಳು. ಹಾಗೆ ಮಾಡೆಂದು ಮುದಕಪ್ಪ ಹೇಳಿರಲಿಲ್ಲ. ಅದು ಆಕೆಯ ಸ್ವಂತ ಬುದ್ಧಿ.

ಆ ಎರಡು ದಿನ ನೀಲಗಂಗವ್ವ ಉಂಡದ್ದು ಉಣ್ಣದ್ದು ಒಂದೇ ಆಯಿತು. ಹೇಳಿಬಿಡಲೇ, ಎಂದು ಎಷ್ಟು ಸಲ ಪಡಸಾಲೆಯ ಬಾಗಿಲಿಗೆ ಬಂದಳೋ! ಬಂದವಳು, “ಹಿಟ್ಟ ಗಟ್ಟಿ ಆಗೇತಿ ನೋಡು, ಒಂದೀಟ ಬಿಸಿನೀರ ಹಾಕು” ಎಂದು ಬೇರೆಯದೇ ಹೇಳಿ ತಿರುಗಿ ಹೋಗುತ್ತಿದ್ದಳು.

ರೊಟ್ಟಿಯ ಬುಟ್ಟಿಗಳಿಗೆ ಬಟ್ಟೆ ಕಟ್ಟಿ ದ್ಯಾಮಪ್ಪನ ಗಾಡಿಗೆ ಏರಿಸುತ್ತಿದ್ದ ಹೊತ್ತಿಗೆ ಗುಲಾಬಬಿ ತಲೆಯ ಮೇಲಿನ ಸೆರಗು ಜಾರಿದ್ದನ್ನೂ ನೋಡಿಕೊಳ್ಳದೆ ಓಡಿ ಬಂದಳು. ಬರಬೇಡವೆಂದ ಮನೆ ಇದು ಎಂಬುದು ಆಕೆಗೆ ಗೊತ್ತಿತ್ತು. ಸೀದಾ ಒಳಗೆ ನುಗ್ಗಿದಳು.

“ಶೈಲವ್ವಾ! ನಮ್ಮ ಮಗ ಜಾಹೀದ ಬೆಳ್ಳಟ್ಟಿ ಸಂತಿಗೆ ಸೀರಿ ಮಾರಾಕ ಹೋದಾವ ಫೋನ್ ಮಾಡಿದ್ದ. ನಿಮ್ಮವ್ವ ಮುಂಜಾನೆ ಹೋಗ್ಯಾಳಂತವ್ವಾ. ಎಷ್ಟ ಹಚ್ಚಿದ್ರೂ ನಿಮ್ಮ ಫೋನ್ ಹತ್ತವಲ್ದಂತ. ಹೊತ್ತ ಮುಳುಗೂದ್ರಾಗ ಮಣ್ಣ ಮಾಡ್ತಾರಂತ, ಜಲ್ದಿ ಹೊಂಡು.”

ಶೈಲಾ ಅಳಲಿಲ್ಲ. ಕೈಗೆ ಹತ್ತಿದ್ದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆಯತೊಡಗಿದಳು. ಹಿಟ್ಟು ಹೋದ ಮೇಲೂ ಉಜ್ಜುತ್ತಲೇ ಇದ್ದಳು. ಆಮೇಲೆ “ಅವ್ವಾ” ಎಂದು ಕೂಗಿದ ಕೂಗಿಗೆ ಗಾಡಿಯ ಹತ್ತಿರ ನಿಂತಿದ್ದ ಮುದಕಪ್ಪ ಒಳಗೆ ಬಂದ. ವಿಷಯ ತಿಳಿದು ಅವನ ಮೋರೆಯ ಬಣ್ಣವೇ ಹೋಯಿತು. ವೀರೇಶ ಪ್ರೆಸ್ಸಿನಲ್ಲಿದ್ದ. “ನೀಲವ್ವಾ, ನೀ ಜೋಡೀಲೆ ಹೋಗು,” ಎಂದಷ್ಟೇ ಹೇಳಿದ.

ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಬೀಗರು ಬುತ್ತಿ ಒಯ್ಯಬೇಕು. ನೀಲಗಂಗವ್ವ ಕೈಗೆ ಸಿಕ್ಕಷ್ಟು ರೊಟ್ಟಿ, ಚಟ್ನಿಪುಡಿ ಗಂಟು ಕಟ್ಟಿಕೊಂಡಳು. ಶಿರಹಟ್ಟಿಯ ಬಸ್ಸು ಊರೂರಿಗೂ ನಿಲ್ಲುತ್ತ ಹೊರಟಿತು. ಶೈಲಾ ಅತ್ತೆಯ ಹೆಗಲಿಗೆ ತಲೆಯಿಟ್ಟು ಕೂತಳು.

“ನೀವರೆ ಜೋಡೀಲೆ ಬಂದ್ರೆಲ್ಲರಿ ಸಣ್ಣತ್ತಿ. ಇಲ್ಲಂದ್ರ ನಾ ಒಬ್ಬಾಕಿ ಹೆಂಗ ಹೋಗ್ತಿದ್ನಿ?”

ನೀಲಗಂಗವ್ವ ಆಕೆಯ ತಲೆ ನೇವರಿಸಿದಳು. ಈಗಲಾದರೂ ಹೇಳು, ಎಂದಿತು ಒಳಗಿನ ಜೀವ. ಬಸ್ಸಿನಲ್ಲಿ ಮಂದಿ ಇದ್ದಾರೆ, ಇಳಿದ ಮೇಲೆ ಹೇಳಿದರಾಯಿತು ಎಂದುಕೊಂಡಳು. ಇಳಿದ ಮೇಲೆ ಬೆಳ್ಳಟ್ಟಿಯ ಟಂಟಂ ಆಟೋ ಹಿಡಿಯುವ ಗಡಿಬಿಡಿ. ಹೇಳುವ ಹೊತ್ತು ಬರಲೇ ಇಲ್ಲ.

ಇವರು ಮುಟ್ಟಿದಾಗ ಮಣ್ಣು ಮಾಡಿದ ಮಂದಿ ಹೊಲದಿಂದ ತಿರುಗಿ ಬರುತ್ತಿದ್ದರು. ಶೈಲಾ ಓಡಿದಳು. ಕುಣಿ ಮುಚ್ಚಿ ಮೇಲೆ ಪತ್ರಿ, ಹೂವು ಇಟ್ಟಾಗಿತ್ತು. ಹೆತ್ತ ಮಗಳ ಕೈಯ ಒಂದು ಹಿಡಿ ಮಣ್ಣು ಒಳಗೆ ಬೀಳಬೇಕಿತ್ತು, ಬೀಳಲಿಲ್ಲ. ಹಸಿ ಮಣ್ಣನ್ನು ಎರಡೂ ಕೈಯಿಂದ ಕೆದರತೊಡಗಿದವಳನ್ನು ನಾಲ್ಕು ಹೆಂಗಸರು ಹಿಡಿದುಕೊಂಡರು. “ಒಂದ ಸಲ ಮಾರಿ ತೋರಸ್ರವ್ವಾ, ಒಂದ ಸಲ!” ಎಂದು ಆಕೆ ಅರಚಿದ್ದು ಕೇಳಲಾರದೆ ಗಂಡಸರೂ ಮೋರೆ ತಿರುಗಿಸಿದರು.

ಮನೆಯ ಅಂಗಳದಲ್ಲಿ ಫಕ್ಕೀರೇಶ ಅಕ್ಕನೆದುರು ಕೂತ. “ಮುಂಜಾನಿಂದ ಕಾದ್ವಿ. ಅಕ್ಕಾ, ಎರಡ ದಿನ ಮೊದಲ ಫೋನ್ ಮಾಡಿದ್ನಲ್ಲ, ಅವತ್ತ ಬಂದಿದ್ರ ಮಾತಾಡತಿದ್ಲು. ನಿನ್ನೀ ಸಂಜೀ ಮಟ ಬಾಗಿಲ ಕಡೆ ನೋಡ್ಕೋತ ಇದ್ಲು. ಯಾಕ ಬರ್ಲಿಲ್ಲ ನೀ?”

“ಎರಡ ದಿನ ಮೊದಲ?” ಎಂದಳು ಶೈಲಾ. “ಯಾರಿಗೆ ಮಾಡಿದ್ದೀ ಫೋನು?”

“ಇವರಿಗೇ. ಇವರ ಎತ್ತಿದ್ರಲ್ಲ.”

ಎಲ್ಲರ ಕಣ್ಣೂ ನೀಲಗಂಗವ್ವನ ಮೇಲೆ ಬಿದ್ದವು. ಭೂಮಿ ಬಾಯ್ದೆರೆದು ನುಂಗಬಾರದೇ ಎನ್ನಿಸಿತು. ‘ಭಾವಾರು ಬ್ಯಾಡ ಅಂದ್ರು’ ಎಂಬ ಮಾತು ಗಂಟಲ ತನಕ ಬಂದು, ಎಷ್ಟು ಹೇಸಿ ಮಾತದು ಎಂದು ಆಕೆಗೇ ಗೊತ್ತಾಗಿ ಅಲ್ಲೇ ನಿಂತಿತು. ಶೈಲಾ ಬೈಯಲಿಲ್ಲ. ಅತ್ತೆಯ ಕೈಯಲ್ಲಿದ್ದ ತನ್ನ ಕೈಯನ್ನು ಮೆಲ್ಲಗೆ ಎಳೆದುಕೊಂಡಳು. ಅಷ್ಟೇ.

ಆಮೇಲೆ ಯಾರೋ ಬುತ್ತಿಯ ಗಂಟು ಬಿಚ್ಚಿ ಎಲ್ಲರಿಗೂ ಬಡಿಸಿದರು. ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು ರೊಟ್ಟಿ ಮುರಿಯುತ್ತಾ, “ಭಾಳ ಚಲೋ ಬಡದಾರವಾ ರೊಟ್ಟಿ, ಯಾರ ಕೈಯವು?” ಎಂದು ಕೇಳಿದಳು.

ನೀಲಗಂಗವ್ವ ಮರುದಿನ ಒಬ್ಬಳೇ ತಿರುಗಿ ಬಂದಳು. ವೀರೇಶ ಹೋಗಿ, ಕಾರ್ಯ ಮುಗಿದ ಮೇಲೆ ಹೆಂಡತಿಯನ್ನು ಕರೆತಂದ. ಶೈಲಾ ತವರಿನಲ್ಲೇ ಉಳಿದುಬಿಡುತ್ತಾಳೆ ಎಂದು ಮಾಳವ್ವ ಅಂದುಕೊಂಡಿದ್ದಳು. ಎಲ್ಲಿ ಉಳಿಯುತ್ತಾಳೆ? ಮಗಳು ಇಲ್ಲಿದ್ದಾಳೆ. ಇಷ್ಟು ವರ್ಷದ ದುಡಿತವೆಲ್ಲ ಪೆಟ್ಟಿಗೆಯಲ್ಲಿದೆ. ಬಂದವಳು ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತಳು. ಪಟಪಟ ಸಪ್ಪಳ ಮತ್ತೆ ಶುರುವಾಯಿತು. ಮಾವನೆದುರು ನೆಟ್ಟಗೆ ನಿಂತು ಹೂನ್ರಿ, ಇಲ್ಲರಿ ಎನ್ನುವಳು. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ.

ಮುದಕಪ್ಪನಿಗೆ ಆ ಸುಮ್ಮನಿರುವಿಕೆ ಸಹಿಸಲಾಗದಾಯಿತು. ಬೈಯಲಿ, ತಾಟು ಒಗೆಯಲಿ, ಓಣಿಯಲ್ಲಿ ನಿಂತು ಮಣ್ಣು ತೂರಲಿ ಎಂದು ಕಾದ. ಯಾರೂ ತುಟಿ ಪಿಟಕ್ ಎನ್ನಲಿಲ್ಲ. ಒಂದು ದಿನ ನೀಲಗಂಗವ್ವನನ್ನೇ ಕೇಳಿದ.

“ಮನ್ಯಾಗ ಏನ ಮಾತಾಡ್ತಾರ ನನ್ನ ಬಗ್ಗೆ?”

“ಏನೂ ಇಲ್ಲರಿ ಭಾವಾರ. ಎಲ್ಲಾ ಬರೋಬ್ಬರಿ ಐತ್ರಿ.”

“ಖರೆ ಹೇಳು.”

“ಖರೇನ ಹೇಳಿದ್ನಿರಿ.”

ಅವನು ಆಕೆ ಕಣ್ಣು ತಪ್ಪಿಸುವ ತನಕ ನೋಡಿದ.

ರವಿವಾರ ಊಟಕ್ಕೆ ಮುಂಚೆ ನೀಲಗಂಗವ್ವ ಉಪ್ಪು ತರಲು ಹೋದಾಗ ಪಡಸಾಲೆಯೊಳಗೆ ತಾಯಿ ಮಗಳ ಮಾತು ಕಿವಿಗೆ ಬಿತ್ತು.

“ಇವತ್ತ ಸಭಾದಾಗ ನಾ ಬಿಡೂದಿಲ್ಲವ್ವಾ. ಆ ಮುದುಕನ ಮಾರಿ ಮ್ಯಾಲ ಕೇಳ್ತೀನಿ.”

“ಬಾಯಿ ಮುಚ್ಚು! ನಿನ್ನ ಪರೀಕ್ಷಾ ಫೀಸಿನ ಮಾತ ಇವತ್ತ ಐತಿ. ನಾಳಿಗೆ ಕಡೀ ದಿನ.”

“ಸತ್ತಾಕಿ ನಿಮ್ಮವ್ವ ಅದಾಳ!”

“ಸತ್ತಾಕಿ ಸತ್ತ ಹೋದ್ಲು. ನೀನರೆ ಓದಿ ಈ ಮನಿಯಿಂದ ಪಾರ ಆಗು. ಅವ್ರು ಏನ ಕೇಳಿದ್ರೂ ಕೈ ಎತ್ತಬೇಕು ನೋಡು, ನನ್ನ ಆಣಿ ಐತಿ.”

ಉಪ್ಪು ತರುವುದು ಮರೆತು ನೀಲಗಂಗವ್ವ ತಿರುಗಿದಳು. ಕೇಳಿದ್ದನ್ನು ಭಾವನಿಗೆ ಹೇಳಲಿಲ್ಲ. ಎಷ್ಟೋ ವರ್ಷಗಳಲ್ಲಿ ಇದೇ ಮೊದಲು. ಇವತ್ತು ಸಭೆಯಲ್ಲಿ ತಾನೇ ಎದ್ದು ನಿಲ್ಲಬೇಕು. ತಪ್ಪಾಯಿತು ಅನ್ನಬೇಕು, ನೀವು ಮಾಡಿದ್ದೂ ತಪ್ಪು ಅನ್ನಬೇಕು. ಬಡಿಸುವಾಗೆಲ್ಲ ಆ ಮಾತನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಅಂದುಕೊಂಡಳು. ಖಾನಾವಳಿಗೆ ಸಂಜೆ ಕೊಡಬೇಕಾದ ಕಡೆಯ ಒಂದಷ್ಟು ರೊಟ್ಟಿ ಕಟಕ್ ಆಗಲೆಂದು ಒಲೆಯ ಅಂಚಿಗೆ ಆನಿಸಿ ಬಂದು ಕೂತಳು.

ಮುದಕಪ್ಪನ ತಾಟಿನಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಅನ್ನ ಚೆಲ್ಲಬಾರದೆಂದು ಕಾನೂನು ಮಾಡಿದವನೇ ಅವನು. ಯಾರೂ ಅದರ ಮಾತೆತ್ತಲಿಲ್ಲ.

“ಇವತ್ತ ವಿಷಯ ಒಂದ,” ಎಂದ. “ಬೆಳ್ಳಟ್ಟಿ ಖಬರ ತಡಾ ಮಾಡಿದ್ದು. ಎಲ್ಲಾರ ಹೊಟ್ಟಿ ಸಲವಾಗಿ ಮಾಡಿದ್ದು ಅದು. ಬರೋಬ್ಬರಿ ಅನ್ನೋರು ಕೈ ಎತ್ತ್ರಿ.”

ದ್ಯಾಮಪ್ಪನ ಕೈ ಮೇಲೆ ಹೋಯಿತು. ಮಾಳವ್ವನದು. ತಲೆ ತಗ್ಗಿಸಿಕೊಂಡೇ ವೀರೇಶನದು. ವಾಣಿಶ್ರೀ ತಾಯಿಯ ಕಡೆ ನೋಡಿ ತುಟಿ ಕಚ್ಚಿಕೊಂಡು ಎತ್ತಿದಳು. ಶೈಲಾ ಎತ್ತಿದಳು. ನೀಲಗಂಗವ್ವ ನೋಡುತ್ತಾಳೆ, ತನ್ನ ಕೈ ಎಲ್ಲಕ್ಕಿಂತ ಮೊದಲೇ ಮೇಲಿತ್ತು! ಯಾವಾಗ ಹೋಯಿತೋ ಆಕೆಗೇ ತಿಳಿಯಲಿಲ್ಲ.

ಮುದಕಪ್ಪ ಎಂದಿನಂತೆ ಕೈ ಎಣಿಸಲಿಲ್ಲ. ಒಬ್ಬೊಬ್ಬರ ಮೋರೆ ನೋಡುತ್ತಾ ಬಂದು ಶೈಲಾಳಲ್ಲಿ ನಿಂತ.

“ಶೈಲಾ, ನೀನೂ?”

“ಹೂನ್ರಿ ಮಾವಾರ.”

“ನಿಮ್ಮವ್ವನ ಮಣ್ಣಿಗೆ ನೀ ಕೈ ಹಚ್ಚಲಿಲ್ಲ. ಆದ್ರೂ ಬರೋಬ್ಬರೇನು?”

“ಹೂನ್ರಿ.”

ಆಕೆಯ ಮೋರೆಯ ಮೇಲೆ ಸಿಟ್ಟಿಲ್ಲ, ದುಃಖವಿಲ್ಲ, ಏನೂ ಇಲ್ಲ. ಮುದಕಪ್ಪ “ಇಳಸ್ರಿ,” ಎಂದ. ಕೈಗಳು ಇಳಿದವು. “ಹಂಗಾರ ನಾ ತಪ್ಪ ಮಾಡೇನಿ ಅನ್ನೋರು ಯಾರರೆ ಅದೀರೇನು? ಇದ್ರ ಕೈ ಎತ್ತ್ರಿ. ನಾ ಏನೂ ಅನ್ನೂದಿಲ್ಲ.”

ಯಾರೂ ಅಲುಗಲಿಲ್ಲ. ಈಗ, ನೀಲಗಂಗವ್ವಾ, ಈಗ! ಆಕೆ ಬಾಯಿ ತೆರೆದಳು, ದನಿ ಬರಲಿಲ್ಲ.

“ಒಬ್ಬರಾದ್ರೂ ಎತ್ತ್ರಲೇ!” ಮುದಕಪ್ಪ ಒದರಿದ. ಅದು ಬೇಡಿಕೊಂಡ ದನಿಯೇ ಇರಬೇಕು. ಆದರೆ ಆ ಮನೆಯಲ್ಲಿ ಅವನ ಬಾಯಿಂದ ಬಂದದ್ದೆಲ್ಲ ಹುಕುಮಾಗಿಯೇ ಕೇಳುತ್ತಿತ್ತು. “ಎತ್ತ್ರಿ ಅಂದೆ!”

ದ್ಯಾಮಪ್ಪ ಗಡಬಡಿಸಿ ಕೈ ಎತ್ತಿದ. ಮಾಳವ್ವ ಎತ್ತಿದಳು. ವೀರೇಶ ಎತ್ತಿದ. ವಾಣಿಶ್ರೀ ಎತ್ತಿದಳು. ಶೈಲಾ ಅದೇ ಮೋರೆಯಿಂದ, ಮೊದಲು ಎತ್ತಿದಷ್ಟೇ ಎತ್ತರಕ್ಕೆ ಎತ್ತಿದಳು. ನೀಲಗಂಗವ್ವನ ಕೈಯೂ ಮೇಲಿತ್ತು.

“ಖರೆ ಯಾವದು?” ಮುದಕಪ್ಪನ ದನಿ ಒಡೆದಿತ್ತು. “ಮೊದಲ ಎತ್ತಿದ್ದೋ, ಈಗ ಎತ್ತಿದ್ದೋ?”

“ನೀವ ಹೆಂಗ ಅಂತೀರಿ ಹಂಗರಿ ಅಪ್ಪಾರ,” ಎಂದ ವೀರೇಶ.

ಮುದಕಪ್ಪ ಮತ್ತೆ ಒಬ್ಬೊಬ್ಬರನ್ನೂ ನೋಡಿದ. ಜಾತ್ರೆಯಲ್ಲಿ ಕೈ ತಪ್ಪಿದ ಕೂಸು ಗುರುತಿನ ಮೋರೆ ಹುಡುಕುವಂತೆ ನೋಡಿದ. ಒಂದೂ ಸಿಗಲಿಲ್ಲ. ಬಾಯಿ ತೆರೆದು ಹಾಗೇ ಕೂತುಬಿಟ್ಟ. ಗೋಡೆಯಾಚೆ ಗುಲಾಬಬಿ ಯಾರಿಗೋ ಬೈಯುವುದು ಕೇಳುತ್ತಿತ್ತು, ಆ ಮನೆಯಲ್ಲಿ ಯಾರೋ ತಿರುಗಿ ಬೈಯುವುದೂ ಕೇಳುತ್ತಿತ್ತು.

ನೀಲಗಂಗವ್ವನ ರಟ್ಟೆ ಸೋತು ಬಂತು. ಇಳಿಸಿ ಎಂದು ಹೇಳಬೇಕಾದವನು ಹೇಳಲಿಲ್ಲ. ಹಿಂದಿನ ಪಡಸಾಲೆಯಿಂದ ರೊಟ್ಟಿ ಸೀದ ವಾಸನೆ ಮೊದಲು ತೆಳ್ಳಗೆ, ಆಮೇಲೆ ಹೊಗೆಯ ಜೊತೆ ಬಂತು. ಆರೂ ಮಂದಿಯ ಮೂಗಿಗೆ ಬಂತು. ಕೈ ಎತ್ತಿಕೊಂಡು ಕೂತವರು ಹಾಗೇ ಕೂತಿದ್ದರು.